ಮೂಕ ಹಂಚು

ಸಾಂತಾ ಕತರೀನಾ,
ಅಕ್ಟೋಬರ್ 28

ಪ್ರೀತಿಯ ತಮ್ಮ ಅನ್ಸೆಲ್ಮುವಿಗೆ ಅಕ್ಕನ ಆಶೀರ್ವಾದ.

ಕವರಿನ ಮೇಲಿನ ಅಕ್ಷರ ನೋಡಿಯೂ ಹರಿದು ಬಿಸಾಡದೆ ಬಿಚ್ಚಿದ್ದೀಯ ಅಂದಮೇಲೆ ಪೂರ್ತಿ ಓದು. ನಾನು ಚೆನ್ನಾಗಿದ್ದೇನೆ. ಅರವತ್ತಮೂರಾದರೂ ಮಂಡಿಗಳೆರಡೂ ಗಟ್ಟಿಯಾಗಿವೆ. ಈ ಸುತ್ತಮುತ್ತಲಲ್ಲಿ ನನ್ನಷ್ಟು ಅಚ್ಚುಕಟ್ಟಾಗಿ ನೆಲಕ್ಕೆ ಹಂಚು ಹಾಸುವವರು ಇನ್ನೂ ಹುಟ್ಟಿಲ್ಲ. ಜಂಬ ಅನ್ನುತ್ತೀಯಾ? ಅನ್ನು. ನಾಲ್ಕು ವರ್ಷದಿಂದ ನಿನ್ನ ಬಾಯಿಂದ ಏನೂ ಕೇಳಿಲ್ಲ, ಅದನ್ನಾದರೂ ಕೇಳುತ್ತೇನೆ.

ಡೋನಾ ಎರ್ಮೆಲಿಂಡಾ ಅವರ ತೋಟದ ಕೆಲಸ ಮತ್ತೆ ಬಂದಿದೆ. ಹೌದು, ನಾವಿಬ್ಬರೂ ಕೊನೆಯ ಸಲ ಜೊತೆಗೆ ದುಡಿದ ತೋಟವೇ. ಅವತ್ತು ಮನೆಯಿಂದ ಬಾದಾಮಿ ಮರದವರೆಗೆ ಹಾಸಿದ್ದೆವು. ಮರದಿಂದ ಗೇಟಿನವರೆಗೆ ಇವತ್ತಿಗೂ ಬರೀ ಮಣ್ಣು. ಅವರ ಕೈಗೆ ಈಗ ಕೋಲು ಬಂದಿದೆ. "ಗೇಟಿನ ತನಕ ನಾನೇ ನಡ್ಕೊಂಡು ಹೋಗಿ ಬ್ರೆಡ್ ಮಾರೋನ ಹತ್ರ ಜಗಳ ಆಡ್ಬೇಕು ಕಣೆ, ಬೇಗ ಹಾಸಿಕೊಡು" ಅಂದರು. ಪೇಟೆಯಿಂದ ಯಂತ್ರದ ಹಂಚು ತರಿಸಿ ಎರಡು ಸಾಲು ಇಟ್ಟು ತೋರಿಸಿದೆ. ಕೋಲಿನಿಂದ ಕುಟ್ಟಿ, "ಏನೇ ಇದು, ಆಸ್ಪತ್ರೆ ನೆಲದ ಹಾಗಿದೆ. ನನ್ನನ್ನ ಈಗ್ಲೇ ಮಲಗಿಸ್ಬೇಕು ಅಂತಿದ್ದೀಯಾ? ಎತ್ತು, ಎತ್ತು" ಅಂದರು. ಎತ್ತಿದೆ. ಅವರಿಗೆ ಬೇಕಿರುವುದು ನಿನ್ನ ಕೈಯ ಹಂಚು. ಅದಕ್ಕೇ ಈ ಕಾಗದ. ನೀನು ಊರಿಗೆ ಬಂದು ಹಂಚು ಸುಡುವ ಗೂಡು ಹೊತ್ತಿಸಬೇಕು.

ಹೋದ ವಾರ ಹಳೆಯ ಅರ್ಧವನ್ನು ಉಜ್ಜಿ ತೊಳೆದೆ. ನಾಲ್ಕು ಚಳಿಗಾಲ ಕಳೆದರೂ ಒಂದೂ ಸೀಳಿಲ್ಲ. ಒಂದರ ಮೇಲೆ ನಿನ್ನ ಹೆಬ್ಬೆರಳಿನ ಗುರುತಿದೆ, ಇನ್ನೊಂದರ ಮೇಲೆ ಹಸಿ ಇದ್ದಾಗ ನಮ್ಮ ಫರ್ರುಶ್ಕಾ ನಡೆದುಹೋದ ಪಾದ. ಪಾಪ, ಆ ನಾಯಿ ಹೋದ ವರ್ಷ ಸತ್ತಿತು, ನಿನಗೆ ತಿಳಿಸಿರಲಿಲ್ಲ. ಮರದ ಬೇರು ಎಬ್ಬಿಸಿದ್ದ ಒಂದು ಹಂಚನ್ನು ಕಿತ್ತು, ಮೂರು ದಿನ ಬಿಸಿಲಿಗಿಟ್ಟೆ. ಆಮೇಲೆ ಅಪ್ಪ ಮಾಡುತ್ತಿದ್ದ ಹಾಗೆ ಬೆರಳ ತುದಿಯಲ್ಲಿ ಹಿಡಿದು ಗೆಣ್ಣಿನಿಂದ ತಟ್ಟಿದೆ. ಠಣ್ ಅಂದಿತು. ಬಾಗಿಲಲ್ಲಿ ಕೂತಿದ್ದ ಡೋನಾ ಎರ್ಮೆಲಿಂಡಾ, "ಅವತ್ತು ಇವನ್ನೇ ಅಲ್ವೇನೆ ನೀನು ಮೂಕ ಅಂದಿದ್ದು?" ಅಂದರು. ನಾನು ಕೇಳಿಸದವಳಂತೆ ಬಕೆಟ್ ಎತ್ತಿಕೊಂಡು ಬಾವಿಯ ಕಡೆ ಹೋದೆ.

ಅವತ್ತು ಜಗಳ ತೆಗೆದದ್ದು ನೀನೇ. ನಾನು ಬೆಳಗಿನಿಂದ ಮಂಡಿಯೂರಿ, ಬಕೆಟ್ಟಿನಲ್ಲಿ ನೆನೆಸಿದ ಹಂಚನ್ನು ಒಂದೊಂದೇ ತೆಗೆದು ಗಾರೆಯ ಮೇಲೆ ಕೂರಿಸುತ್ತಿದ್ದೆ. ನೀನು ಸೊಂಟಕ್ಕೆ ಕೈಯಿಟ್ಟು, ಮನೆಯವರು, ಗಾರೆ ಕಲಸುವವರು ಎಲ್ಲರ ಮುಂದೆ, "ಅಕ್ಕಾ, ಇಳಿಜಾರು ತಪ್ಪಿದೆ. ನೀರು ಮನೆ ಕಡೆ ಹೋಗುತ್ತೆ" ಅಂದೆ. ಮೂವತ್ತು ವರ್ಷ ನೆಲ ಹಾಸಿದವಳಿಗೆ ಹೇಳುವ ಮಾತೇ ಅದು? ನನಗೆ ಮೈಯೆಲ್ಲ ಉರಿದುಹೋಯಿತು. ಕೈಗೆ ಸಿಕ್ಕ ಹಂಚನ್ನು ತಟ್ಟಿ, "ಮೊದ್ಲು ನಿನ್ನ ಹಂಚು ನೋಡ್ಕೋ. ದನೀನೇ ಇಲ್ಲ, ಮೂಕ. ಅರ್ಧಂಬರ್ಧ ಸುಟ್ಟಿದ್ದೀಯ. ಅಪ್ಪ ಇದ್ದಿದ್ರೆ ಒಡೆದು ಹಾಕ್ತಿದ್ರು" ಅಂದೆ. ನೀನು ಅದನ್ನು ನನ್ನ ಕೈಯಿಂದ ತೆಗೆದುಕೊಂಡೆ, ನೋಡಿದೆ, ಕೆಳಗಿಟ್ಟೆ. ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಹೊರಟುಹೋದೆ.

ಮಾತು ಸಂಜೆಯೊಳಗೆ ಕೆಫೆ ತಲುಪಿತು. ಆಮೇಲೆ ನಿನ್ನ ಹಂಚು ಕೇಳಿಕೊಂಡು ಯಾರೂ ಬರಲಿಲ್ಲ. ನೀನು ಗೂಡು ಆರಿಸಿ, ಒಲ್ಯಾಂವ್‌ಗೆ ಹೋಗಿ ಡಬ್ಬಿಗೆ ಮೀನು ತುಂಬುವ ಕೆಲಸಕ್ಕೆ ಸೇರಿದೆ. ಅಪ್ಪನ ಕೈ ಬಂದಿದ್ದು ನಿನಗೆ, ನನಗಲ್ಲ. ಆ ಕೈ ಮತ್ತಿ ಮೀನು ಜೋಡಿಸುತ್ತಿದೆ ಎಂಬುದು ನೆನಪಾದರೆ ನಾನು ಊಟದ ತಟ್ಟೆ ಸರಿಸಿ ಎದ್ದುಬಿಡುತ್ತೇನೆ.

ಗೂಡು ಗುಡಿಸಿದ್ದೇನೆ, ಮಣ್ಣು ನೆನೆಹಾಕಿದ್ದೇನೆ. ಉರಿಗೆ ಎಂಟು ಮೂಟೆ ಬಾದಾಮಿ ಸಿಪ್ಪೆ ಕೂಡಿಹಾಕಿದ್ದೇನೆ. ಇನ್ನೆರಡು ವಾರಕ್ಕೆ ಸಂತ ಮಾರ್ತಿನ್ಯು ಹಬ್ಬ, ಆ ಹೊತ್ತಿಗೆ ಪ್ರತಿ ವರ್ಷದಂತೆ ನಾಲ್ಕು ದಿನ ಬಿಸಿಲು ಬಂದೇ ಬರುತ್ತದೆ. ಅದು ತಪ್ಪಿದರೆ ಹಂಚು ಒಣಗಿಸಲು ಬೇಸಿಗೆಯವರೆಗೆ ಕಾಯಬೇಕು, ಡೋನಾ ಎರ್ಮೆಲಿಂಡಾ ಅಷ್ಟು ಕಾಯುವವರಲ್ಲ. ನೀನು ಬರುತ್ತೀಯ, ನನಗೆ ಅನುಮಾನವಿಲ್ಲ. ನಿನ್ನ ಹಾಸಿಗೆಗೆ ಹೊಸ ಹೊದಿಕೆಯನ್ನೂ ಹಾಕಿಟ್ಟಾಗಿದೆ.

ನಿನ್ನ ಅಕ್ಕ,
ಫೆಲಿಸ್ಮಿನಾ

ಮರೆತ ಮಾತು: ಮರೆತದ್ದೇನಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಅವತ್ತು ನಾನು ತಟ್ಟಿದ್ದು ಬಕೆಟ್ಟಿನಿಂದ ಆಗಷ್ಟೇ ತೆಗೆದ ಹಂಚನ್ನು. ನೆನೆದ ಹಂಚು ಯಾರು ಸುಟ್ಟದ್ದಾದರೂ ಮೂಕವೇ. ಅದು ನನಗೆ ಗೊತ್ತಿತ್ತು. ಕೈಗೆ ತೆಗೆದುಕೊಂಡ ಕೂಡಲೇ ನಿನಗೂ ಗೊತ್ತಾಯಿತು, ಅದಕ್ಕೇ ಅಂಗೈ ಒರೆಸಿಕೊಂಡೆ. ಒದ್ದೆಯಾಗಿದೆ ಅಂತ ಒಂದು ಮಾತು ಅಂದಿದ್ದರೆ ಅಷ್ಟು ಜನರ ಮುಂದೆ ನನ್ನ ಮಾನ ಹೋಗುತ್ತಿತ್ತು. ನೀನು ಅನ್ನಲಿಲ್ಲ. ಈ ಭಾನುವಾರ ಚರ್ಚ್ ಮುಗಿದ ಮೇಲೆ ಕೆಫೆಯಲ್ಲಿ ನಿಂತು ನಾನೇ ಅಂದೆ. ಕ್ಷಮಿಸು ತಮ್ಮಾ.

ಇನ್ನು ಆ ಇಳಿಜಾರು. ಮಳೆ ಬಂದಾಗಲೆಲ್ಲ ಡೋನಾ ಎರ್ಮೆಲಿಂಡಾ ಹೊಸ್ತಿಲಿಗೆ ಗೋಣಿಚೀಲ ಒತ್ತುತ್ತಾರೆ. ನಾಲ್ಕು ವರ್ಷದಿಂದ.