ಹೊಗೆಯಾಡುವ ಬೆಟ್ಟದ ಎದುರಿನ ಕೋಣೆ

ಅಲ್ ಖೋರ್, ಕತಾರ್
14 ನವೆಂಬರ್ 2025

ಪ್ರೀತಿಯ ಅಶ್ವಿತಾಳ ಪಪ್ಪನಿಗೆ,

ಹೇಗಿದ್ದೀರಿ? ಹೊಟ್ಟೆನೋವು ಕಡಿಮೆಯಾಯಿತೇ? ಅಲ್ಲಿಯ ಖಾರ ಕಂಡು ಆಸೆ ಬೀಳಬೇಡಿ. ನಾನೂ ಮಗಳೂ ಆರೋಗ್ಯವಾಗಿದ್ದೇವೆ. ನಿಮ್ಮ ಕಂಪನಿಯ ಟೋನಿ ಇವತ್ತು ಇಂಡೋನೇಷ್ಯಾಕ್ಕೆ ಹೊರಟಿದ್ದಾರೆ. ಅವರ ಕೈಯಲ್ಲಿ ಕುಚ್ಚಲಕ್ಕಿ, ಮಿಡಿ ಉಪ್ಪಿನಕಾಯಿ, ಜೊತೆಗೆ ಈ ಪತ್ರ. ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನುತ್ತೀರಿ. ಫೋನಿನಲ್ಲಿ ನಾನು ಹೆದರಿದರೆ ನೀವು ನಗುತ್ತೀರಿ, ನೀವು ನಕ್ಕರೆ ನಾನೂ ನಗುತ್ತೇನೆ, ಅಲ್ಲಿಗೆ ಮಾತು ಖಲಾಸ್.

ನೀವು ಹೆಮ್ಮೆಯಿಂದ ಕಳಿಸಿದ ವೀಡಿಯೊ ನೋಡಿದೆ. ಬಂದರಿನ ಎದುರು ದ್ವೀಪ, ಅದರ ಬೆಟ್ಟದ ತುದಿಯಲ್ಲಿ ಹೊಗೆ, ಇತ್ತ ಜಗಲಿಯಲ್ಲಿ ಕಾಲು ಚಾಚಿದ ನೀವು. ಕೆಳಗಿನ ಮನೆಯ ಬೆನಿಟಾ ಅವರಿಗೂ ತೋರಿಸಿದೆ. ಶಾಲೆಯಲ್ಲಿ ಭೂಗೋಳ ಕಲಿಸುವವರಲ್ಲವೇ, ನೋಡಿ ಕೈಯಲ್ಲಿದ್ದ ಬಿಸ್ಕತ್ತನ್ನು ತಟ್ಟೆಗೆ ವಾಪಸು ಇಟ್ಟರು. ಇಂಥ ಬೆಟ್ಟ ಬೆಂಕಿ ಉಗುಳಿ ಉಗುಳಿ ತನ್ನ ಮೈಮೇಲೇ ಕಲ್ಲು, ಬೂದಿ ಪೇರಿಸಿಕೊಳ್ಳುತ್ತದಂತೆ. ಭಾರ ತಾಳದೆ ಒಂದು ಮಗ್ಗುಲು ಜಾರಿ ಕಡಲಿಗೆ ಬಿದ್ದರೆ ನೀರು ಎದ್ದು ದಡಕ್ಕೆ ನುಗ್ಗುತ್ತದಂತೆ. 2018ರಲ್ಲಿ ಇಂಡೋನೇಷ್ಯಾದಲ್ಲೇ ಹೀಗಾಗಿ, ದಡದಲ್ಲಿ ಹಾಡು ಕೇಳುತ್ತ ಕೂತಿದ್ದವರನ್ನೂ ಎಳೆದುಕೊಂಡು ಹೋಯಿತಂತೆ. ಭೂಮಿ ಜೋರಾಗಿ ನಡುಗುವುದಿಲ್ಲವಾದ್ದರಿಂದ ಸೈರನ್ ಕೂಗದೆಯೂ ಇರಬಹುದಂತೆ. ಬೆನಿಟಾ ಹೋದ ಮೇಲೆ ನಾನು ಅಡುಗೆಮನೆಯಲ್ಲಿ ಸುಮ್ಮನೆ ನಿಂತುಬಿಟ್ಟೆ. ಒಲೆ ಹಚ್ಚುವುದೂ ನೆನಪಾಗಲಿಲ್ಲ.

ಅವತ್ತಿನಿಂದ ನನಗೆ ಇಲ್ಲಿಯ ಕಡಲೂ ಬೇಡವಾಗಿದೆ. ಪಾತ್ರೆಯಲ್ಲಿಟ್ಟ ನೀರಿನ ಹಾಗೆ ಸುಮ್ಮನಿರುವ ಕಡಲು, ಪಾಪ. ಆದರೂ ಮಗಳು ಸಂಜೆ ಕಡಲ ದಂಡೆಯ ಕಾರ್ನಿಷ್‌ಗೆ ತಿರುಗಾಡಲು ಹೋಗುವ ಎಂದರೆ ಏನಾದರೊಂದು ನೆಪ ಹೇಳುತ್ತೇನೆ. ಆಫೀಸಿನಲ್ಲಿ ಮೊಬೈಲ್ ಸದ್ದು ಮಾಡಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ನಿಮ್ಮ ಹೆಸರೇ ಎಂದು ಮೊದಲು ನೋಡುತ್ತೇನೆ. ನನಗೆ ಭಯವಾಗಿದೆ, ನಿಜವಾಗಿ ಭಯವಾಗಿದೆ. ಕಂಪನಿ ನಿಮಗೆ ಗುಡ್ಡದ ಮೇಲೆ ಕೋಣೆ ಕೊಟ್ಟಿತ್ತು. ಕಡಲ ಸದ್ದಿಲ್ಲದಿದ್ದರೆ ನಿದ್ದೆ ಬಾರದ ಮಹಾರಾಯರು ಯಾರಿಗೋ ಅದನ್ನು ಬಿಟ್ಟುಕೊಟ್ಟು ದಡಕ್ಕೆ ಇಳಿದಿರಿ. ದಯವಿಟ್ಟು ವಾಪಸು ಹತ್ತಿ. ನಿದ್ದೆ ಬರದಿದ್ದರೆ ಬೇಡ, ಊರಿಗೆ ಹೋದಾಗ ಮಲಗಿದರಾಯಿತು. ನಾನು ಹೇಳುವುದನ್ನೆಲ್ಲ ಕೇಳಿಸಿಕೊಂಡ ಅಶ್ವಿತಾ, “ಗುಡ್ಡದ ರೂಮಲ್ಲಿ ಏಸಿ ಇಲ್ವಾ ಅಮ್ಮ? ಮತ್ತೆ ಪಪ್ಪ ಯಾಕೆ ಹೋಗುದಿಲ್ಲ?” ಎಂದಳು. ಅವಳಿಗೆ ನೀವೇ ಉತ್ತರ ಕೊಡಿ.

ದೇವರು ನಿಮ್ಮನ್ನು ಕಾಯಲಿ. ಅಲ್ಲಿಯ ನಿಮ್ಮ ಗೆಳೆಯರಿಗೂ ನಮ್ಮ ನೆನಪು ತಿಳಿಸಿ.

ನಿಮ್ಮ,
ಜ್ಯೋತ್ಸ್ನಾ

ತಾ.ಕ.: ಟೋನಿ ಕೆಳಗೆ ಹಾರ್ನ್ ಹಾಕುತ್ತಿದ್ದಾರೆ, ಬೇಗ ಬರೆಯುತ್ತೇನೆ. ಕೋಣೆ ಬದಲಿಸಿದರೂ ಸಾಲದು. ಊರಲ್ಲಿ ಕಡಲು ಅಬ್ಬರಿಸಿದರೆ ಗಂಡಸರೆಲ್ಲ ದೋಣಿ ಎಳೆಯಲು ದಡಕ್ಕೆ ಓಡುವುದು, ಹೋಗದವನ ಜೊತೆ ಯಾರೂ ಮಾತಾಡದಿರುವುದು ನನಗೆ ಗೊತ್ತಿಲ್ಲವೇ? ನಮ್ಮ ಮದುವೆಯಾದ ಮರುದಿನ ಊಟದ ಎಲೆಯಿಂದ ನಿಮ್ಮನ್ನು ಎಬ್ಬಿಸಿ ಕಳಿಸಿದ್ದು ನಿಮ್ಮ ಅಮ್ಮನೇ. ಅಲ್ಲಿಯೂ ಸದ್ದು ಕೇಳಿದರೆ ನೀವು ಗುಡ್ಡ ಇಳಿದು ದಡಕ್ಕೇ ಓಡುತ್ತೀರಿ. ನನ್ನ ಹೆದರಿಕೆ ಅದೇ. ನಿನ್ನೆ ಅತ್ತೆಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅಲ್ಲಿಯ ಗುಡ್ಡ ಎಷ್ಟು ಎತ್ತರ ಎಂದು ಅವರು ಕೇಳಿದರು. ಆಮೇಲೆ ಹೇಳಿದರು: “ದೋಣಿ ಹೋದ್ರೆ ಹೋಗ್ಲಿ. ಮೇಲೆ ಓಡ್ಲಿಕ್ಕೆ ಹೇಳು ಅವನಿಗೆ. ಅಮ್ಮನೇ ಹೇಳಿದ್ದು ಅಂತ ಬರಿ.”