ಕನ್ನಡ ಕಲಿತ ಕುದುರೆಗಳು

ವಫ್ರಾ, ನವೆಂಬರ್ ೧೯೯೧

ಅಪ್ಪಾ,

ಸತ್ತವರಿಗೆ ಅಂಚೆಯಿಲ್ಲ, ಗೊತ್ತು. ಆದರೂ ಇವತ್ತು ನಿನ್ನ ಮೇಲೆ ಕೂಗಾಡದೆ ನನಗೆ ಅನ್ನ ಇಳಿಯುವುದಿಲ್ಲ.

ಕೊಲ್ಲಿ ಯುದ್ಧದಲ್ಲಿ ಇಲ್ಲಿಯ ತೋಟದ ಟ್ರ್ಯಾಕ್ಟರುಗಳು ಲೂಟಿಯಾದ ಮೇಲೆ ನನ್ನ ಕಫೀಲ್, ಅಂದರೆ ವೀಸಾ ಕೊಟ್ಟ ಧಣಿ, ನೀರುಗಾಡಿ ಎಳೆಯಲು ಎರಡು ಕುದುರೆ ತಂದಿದ್ದ. ನಿನ್ನ ಮಣ್ಣಿಗೂ ನನ್ನನ್ನು ಕಳಿಸದವನು, ಹೊಸ ಟ್ರ್ಯಾಕ್ಟರು ಬಂದು ಕುದುರೆ ಮಾರಿದ ದಿನ ರಜೆ ಕೊಡುತ್ತೇನೆ ಎಂದಿದ್ದ.

ಇವತ್ತು ಪಕ್ಕದ ತೋಟದ ಯಜಮಾನ ಕೊಳ್ಳಲು ಬಂದ. ಹಲ್ಲು ನೋಡಿದ, ಗೊರಸು ಎತ್ತಿ ನೋಡಿದ, ಗಾಡಿಗೆ ಕಟ್ಟಿಸಿ, ಹೊರಡಿ ಅಂತ ಅರಬ್ಬಿಯಲ್ಲಿ "ಯಲ್ಲಾ!" ಎಂದ. ಎರಡೂ ಕಲ್ಲಿನಂತೆ ನಿಂತವು. ನಾನು "ನಡೀರೋ ಮಕ್ಳಾ" ಅಂದೆ, ಹೊರಟವು. "ನಿಲ್ರೋ" ಅಂದೆ, ನಿಂತವು. ಯಜಮಾನ ನಕ್ಕು ನನ್ನತ್ತ ಬೆರಳು ತೋರಿಸಿದ: ಇವನೂ ಬಂದರೆ ಮಾತ್ರ ವ್ಯಾಪಾರ. ಕಫೀಲ್ "ಖಲಾಸ್" ಎಂದು ಕೈ ಕುಲುಕಿದ. ಕುದುರೆಯ ಜೊತೆ ನನ್ನ ಇಕಾಮಾ, ಇಲ್ಲಿ ಇರುವ ಪರವಾನಗಿಯೂ, ಅವನ ಕೈಗೆ ಹೋಯಿತು.

ನನ್ನ ರಜೆ ಏನಾಯಿತು ಅಂತ ಹೊಸ ಸಾಹೇಬನಿಗೆ ಕೇಳಿಸಿದೆ. ಲೆಕ್ಕ ಬರೆಯುವ ಮಂಗಳೂರಿನ ಧನರಾಜ್ ಕೇಳಿಕೊಂಡು ಬಂದು ಹೇಳಿದ: "ನೀನು ಹೋದ್ರೆ ಕುದುರೆ ನಡೆಸುವವ ಯಾರು ಅಂತಾನೆ ಹೊಸ ಸಾಹೇಬ. ಅವಕ್ಕೆ ಕನ್ನಡ ಕಲಿಸ್ಲಿಕ್ಕೆ ನಿಂಗೆ ಯಾರು ಹೇಳಿದ್ದು ಮಾರಾಯ?"

ನೀನು ಹೇಳಿದ್ದು! "ಪ್ರಾಣಿಗೆ ನಿನ್ ಮಾತು ಕಲ್ಸು ಮುನಿಸ್ವಾಮಿ, ಆಗ ಯಾವ ಗೌಡನೂ ನಿನ್ನ ಕೆಲ್ಸದಿಂದ ಬಿಡ್ಸಲ್ಲ." ನಿಜ ಅಪ್ಪಾ. ನಿನ್ನನ್ನೂ ಯಾವ ಗೌಡನೂ ಬಿಡಿಸಲಿಲ್ಲ, ಗೌಡರ ಕುದುರೆ ಕಾಯುತ್ತಾ ಲಾಯದಲ್ಲೇ ಸತ್ತೆ. ಇದನ್ನು ನಾವು ಜಾಣತನ ಅಂದುಕೊಂಡೆವು. ಜೀತದ ಹಗ್ಗವನ್ನು ಕೂತು ನಾವೇ ಹೊಸೆದುಕೊಟ್ಟೆವು.

ಊರಲ್ಲಿ ಅವ್ವ ಒಬ್ಬಳೇ ಇದ್ದಾಳೆ. ನಾಳೆ ಬೆಳಿಗ್ಗೆಯಿಂದ ಈ ಕುದುರೆಗಳಿಗೆ ಅರಬ್ಬಿ ಕಲಿಸುತ್ತೇನೆ.