ಅಟ್ಟದ ಮೇಲಿನ ಕುರಿತೊಗಲು

ಒಡಹುಟ್ಟಿದ ಮುನಿತಾಯಿಗೆ,

ನಿನಗೆ ಟೀಚರ್ ಟ್ರೈನಿಂಗಿಗೆ ಸೀಟು ಸಿಕ್ಕಿ ಕನಕಪುರದ ಹಾಸ್ಟೆಲು ಸೇರಿದೆಯೆಂದು ಗುಡೇಮಾರನಹಳ್ಳಿಯಿಂದ ಬಂದಿದ್ದ ಅಪ್ಪ ಹೇಳಿದ. ಸಂತೋಷವಾಯಿತು. ಆದರೆ ಸಂತೋಷ ತಿಳಿಸುವುದಕ್ಕೆಂದು ಈ ಕಾಗದ ಬರೆಯುತ್ತಿಲ್ಲ. ಹೇಳದೆ ಕೇಳದೆ ಮೊದಲ ಬಸ್ಸಿಗೆ ಹೊರಟೆಯಲ್ಲ, ಆಮೇಲೆ ಈ ಮನೆಯಲ್ಲಿ ಏನಾಯಿತೆಂದು ನಿನಗೆ ಗೊತ್ತಿಲ್ಲ. ಅದಕ್ಕೂ ಮೊದಲು ನಾನು ಏನೇನು ನೋಡಿಕೊಂಡು ಸುಮ್ಮನಿದ್ದೆ ಎಂಬುದೂ ಗೊತ್ತಿಲ್ಲ.

ರೇಷ್ಮೆ ಗೂಡಿಗೆ ಬೆಲೆ ಬಂದ ಮೇಲೆ ನಮ್ಮ ಕಡೆ ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ತೋಟಗಳಾಗಿರುವುದನ್ನು ನೀನೇ ಕಂಡಿದ್ದೀಯ. ಒಂದು ಬೆಳೆ ಇಳಿಯುವ ಮೊದಲೇ ಇನ್ನೊಂದಕ್ಕೆ ಹುಳದ ಮೊಟ್ಟೆ ತರುತ್ತಾರೆ. ಕೈಯಾಳು ಸಾಲದು, ಪರೀಕ್ಷೆ ಮುಗಿಸಿಕೊಂಡು ಮುನಿತಾಯಿ ಬರಲಿ ಎಂದು ಹೇಳಿಕಳಿಸಿದ್ದು ನಾನಲ್ಲ, ನಮ್ಮತ್ತೆ. ಆಗಲೇ ನನಗೆ ಅನುಮಾನ ಬರಬೇಕಿತ್ತು. ನನಗೆ ಒಂದು ಹಿಡಿ ಬೆಲ್ಲ ಕೊಡಲು ಲೆಕ್ಕ ಹಾಕುವವರು, ನೀನು ಬಂದ ದಿನದಿಂದ ನಿನ್ನ ಮುದ್ದೆಯ ಮೇಲೆ ತಾವೇ ತುಪ್ಪ ಬಿಡತೊಡಗಿದರು. ಮಕ್ಕಳಿಲ್ಲದ ಮನೆಗೆ ಒಂದು ಹೆಣ್ಣುಮಗು ಬಂದಂತಾಗಿದೆ ಎಂದರು. ಮಕ್ಕಳಿಲ್ಲದ ಎಂಬ ಮಾತನ್ನು ಅವರು ನನ್ನ ಮುಖ ನೋಡಿಯೇ ಆಡುತ್ತಿದ್ದರು.

ಆಮೇಲೆ ಆ ವಾಸನೆ. ಹುಳ ಸಾಕುವ ಮನೆಯಲ್ಲಿ ಸೊಪ್ಪಿನ ವಾಸನೆ, ಹಿಕ್ಕೆಯ ವಾಸನೆ ಬಿಟ್ಟು ಬೇರೆ ಏನಿದ್ದರೂ ನನ್ನ ಮೂಗಿಗೆ ಹತ್ತುತ್ತದೆ. ಹದ ಮಾಡಿದ ತೊಗಲಿನ ವಾಸನೆ ಅಟ್ಟದಿಂದ ಬರುತ್ತಿತ್ತು. ನೀನು ತೋಟಕ್ಕೆ ಹೋದಾಗ ಹತ್ತಿ ನೋಡಿದೆ. ಗೋಣಿಚೀಲದ ಕೆಳಗೆ ಮೆತ್ತನೆಯ ಕಂದು ಬಣ್ಣದ ಕುರಿತೊಗಲು, ಮಡಚಿ ಅಡಕಿದ ಬಿಳಿ ಹಾಳೆಗಳು, ದಬ್ಬಳ, ಜೇನುಮೇಣ ಸವರಿದ ರೇಷ್ಮೆ ದಾರ. ಆ ದಾರ ನಮ್ಮ ಮನೆಯದಲ್ಲ. ನಾವು ಗೂಡು ಮಾರುವವರು. ನೂಲು ನಮಗೆ ಎಲ್ಲಿಂದ ಬರಬೇಕು? ರಾಮನಗರದ ಮಾರುಕಟ್ಟೆಗೆ ಹೋಗಿ ಬರುವವರು ಈ ಮನೆಯಲ್ಲಿ ಒಬ್ಬರೇ, ನಿನ್ನ ಭಾವ. ಅಷ್ಟರಲ್ಲಿ ನೀವಿಬ್ಬರೂ ಕೊಟ್ಟಿಗೆಯ ಬಳಿ ಏನೋ ಮಾತಾಡುತ್ತ ಬಂದಿರಿ. ನಾನು ಏಣಿ ಇಳಿಯುವುದು ಕಂಡು ಮಾತು ನಿಂತಿತು.

ಕೇಳಿಯೇಬಿಟ್ಟೆ, ನೆನಪಿದೆಯಾ? ನೀನು ಸೊಪ್ಪು ಹೆಚ್ಚುತ್ತಿದ್ದೆ, ತಲೆ ಎತ್ತಲಿಲ್ಲ. “ನನಗೇ ಕಣಕ್ಕ. ಕಾಲೇಜಿಗೋದ್ರೆ ಬರಿಯಕ್ಕೆ ಒಂದು ಪುಸ್ತಕ ಹೊಲ್ಕತಾ ಇವ್ನಿ. ಹುಳಿನ ಮನೆಗೆ ತೊಗಲು ತಂದವ್ಳೆ ಅಂತ ಅತ್ತೆಮ್ಮ ಬೈದಾರು ಅಂತ ಅಟ್ಟದಾಗೆ ಮಡಗಿದ್ದೆ” ಅಂದೆ. ಒಪ್ಪುವಂಥ ಮಾತೇ. ಆದರೆ ಅತ್ತೆಗೆ ಹೆದರಿ ಮುಚ್ಚಿಟ್ಟದ್ದನ್ನು ನಿನ್ನ ಭಾವನಿಗೆ ಹೇಳಿ, ನನಗೆ ಯಾಕೆ ಹೇಳಲಿಲ್ಲ?

ಮುಂದಿನ ಸಲ ಗೂಡು ತುಂಬಿದ ಗಾಡಿ ಹತ್ತಿ ನಾನೂ ರಾಮನಗರಕ್ಕೆ ಹೋದೆ. ಕಣ್ಣು ತೋರಿಸಬೇಕು ಎಂದು ನೆಪ ಹೇಳಿದೆ. ನಿನ್ನ ಭಾವ ಹರಾಜಿನಲ್ಲಿದ್ದಾಗ ತೊಗಲು, ಮೇಣದ ದಾರ ಎಲ್ಲಿ ಸಿಗುತ್ತದೆಂದು ಕೇಳಿಕೊಂಡು, ಮಾರುಕಟ್ಟೆಯ ಹಿಂದೆ ಪುಸ್ತಕ ಹೊಲಿಯುವ ಕರೀಂ ಸಾಬರ ಅಂಗಡಿಗೆ ಹೋದೆ. ಯಾರ ಮನೆಯವಳೆಂದು ಹೇಳಿದ ಮೇಲೆ ಅವರು ಪಾಪ, ಕೂರಿಸಿ ಟೀ ತರಿಸಿದರು. ರಟ್ಟಿನ ಮೇಲೆ ತೊಗಲು ಎಳೆಯುವುದು, ಅಂಚನ್ನು ಉಳಿಯಿಂದ ತೆಳ್ಳಗೆ ಹೆರೆದು ಒಳಕ್ಕೆ ಮಡಚುವುದು, ಎಲ್ಲ ತೋರಿಸಿದರು. ನಾನು ಹೊತ್ತು ಕಳೆಯಲೆಂದು ಕೇಳುತ್ತ ಹೋದೆ. ಏಳುವಾಗ ಅವರೇ ಅಂದರು: “ನಿಮ್ಮ ಯಜಮಾನ್ರು ತೊಗಲು ಜಲ್ದಿ ಬೇಕು ಅಂದಿದ್ರಮ್ಮ. ಮನೇಲಿ ಶುಭಕಾರ್ಯ ಐತೆ ಅಂದ್ರು.”

ನಮ್ಮ ಮನೆಯಲ್ಲಿ ಶುಭಕಾರ್ಯ. ಯಾರಿಗೆ? ದಾರಿಯುದ್ದಕ್ಕೂ ಗಾಡಿಯಲ್ಲಿ ನಿನ್ನ ಭಾವನ ಬೆನ್ನು ನೋಡುತ್ತ ಕುಳಿತಿದ್ದೆ.

ಹುಳ ಹಣ್ಣಾಗಿ, ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದ ದಿನ ಉತ್ತರ ಸಿಕ್ಕಿತು. ನೀನೂ ಅಲ್ಲೇ ಇದ್ದೆ. ನಮ್ಮತ್ತೆ ಹುಳ ಆಯುತ್ತಲೇ ಅಂದರು: “ಈ ಗೂಡು ಮಾರಿದ ಮ್ಯಾಕೆ ಮುನಿತಾಯಿ ಊರಿಗೋಗದು ಬ್ಯಾಡ. ನನ್ನ ಮಗ ಬೈರಪ್ಪನೇ ತಾಳಿ ಕಟ್ಬುಡ್ಲಿ. ಅಕ್ಕ ತಂಗೀರು ಒಂದೇ ಮನೇಲಿರ್ತೀರಿ.” ನಾನು ಅತ್ತೆಯನ್ನು ನೋಡಲಿಲ್ಲ, ನಿನ್ನನ್ನು ನೋಡಿದೆ. ನಿನ್ನ ಮುಖ ಬಿಳುಚಿತ್ತು. ಕೇಳಬಾರದ್ದನ್ನು ಕೇಳಿದವಳ ಮುಖವೋ, ಗುಟ್ಟು ಬಯಲಾದವಳ ಮುಖವೋ, ಇವತ್ತಿಗೂ ನನಗೆ ತಿಳಿದಿಲ್ಲ. ಬೆಳಿಗ್ಗೆ ನೋಡಿದರೆ ನೀನಿಲ್ಲ. ಅರ್ಧ ಹೊಲಿದ ಪುಸ್ತಕ ಅಟ್ಟದಲ್ಲೇ ಇತ್ತು.

ಆ ದಿನವೇ ಹಿಪ್ಪುನೇರಳೆ ತೋಟಕ್ಕೆ ಹೋಗಿ ನಿನ್ನ ಭಾವನನ್ನು ಕೇಳಿದೆ. ಅವರು ಸುಳ್ಳು ಹೇಳಲಿಲ್ಲ. “ತೊಗಲು ತಂದ್ಕೊಟ್ಟೆ, ದಿಟ. ಲಗ್ನದ ಮಾತೆತ್ತಿದ್ದು ಅವ್ವ, ಅದನ್ನೇ ಸಾಬ್ರ ತಾವ ಅಂದಿದ್ದೆ. ನಾನು ಹೂಂ ಅನ್ನಲಿಲ್ಲ.” ಬೇಡ ಅಂದಿರಾ ಎಂದೆ. ಕುಡುಗೋಲಿನಿಂದ ಮಣ್ಣು ಕೆದಕುತ್ತ ನಿಂತರು. “ಅದೂ ಅನ್ನಲಿಲ್ಲ.”

ನಾನು ಅಳಲಿಲ್ಲ, ಮುನಿತಾಯಿ. ಗೂಡು ಬಿಡಿಸಿ ಕೊಟ್ಟೆ, ಒಂದೂ ಕೆಡದಂತೆ. ಹೊಸ ಮೊಟ್ಟೆ ಮನೆಗೆ ಬಂದಾಗ ಮುಟ್ಟಲಿಲ್ಲ. ಈ ಮನೆಯಲ್ಲಿ ಮೊಟ್ಟೆಯನ್ನು ಮರಿ ಮಾಡಿ ಚಾಕಿ ಹುಳ ಸಾಕುವವಳು ನಾನೊಬ್ಬಳೇ. ಎಳೆಹುಳಕ್ಕೆ ಎಷ್ಟು ಸೊಪ್ಪು, ಎಷ್ಟು ಬಿಸಿ ಎಂಬುದು ಅವರಿಬ್ಬರಿಗೂ ಗೊತ್ತಿಲ್ಲ. “ಇನ್ನೊಬ್ಬಳು ತಾಳಿ ಕಟ್ಟಿಸ್ಕಂಡು ಈ ಹೊಸಿಲು ತುಳುದ್ರೆ ನಾನು ಮೊಟ್ಟೆ ಮುಟ್ಟಕಿಲ್ಲ. ಅವಳು ನನ್ನ ತಂಗಿಯಾದ್ರೂ ಸೈ” ಅಂದೆ. ನಮ್ಮತ್ತೆ ಬೈದರು, ಊಟ ಬಿಟ್ಟರು. ಮೊಟ್ಟೆ ಕಪ್ಪಾಗಿ ಒಡೆಯುವ ಹೊತ್ತಿಗೆ ನಿನ್ನ ಭಾವ ಅವ್ವನ ಮುಂದೆ ನಿಂತು, ಆ ಮಾತು ಇಲ್ಲಿಗೆ ಮುಗಿಯಿತು ಎಂದು ನನ್ನೆದುರೇ ಹೇಳಿದರು. ಆಮೇಲೆ ಎದ್ದು ಮರಿ ಮಾಡಿದೆ. ನಾನು ನಂಬಿದ್ದೇನೆಯೇ? ಅವರು ರಾಮನಗರದಿಂದ ಬಂದ ದಿನ ಈಗಲೂ ಚೀಲ ಬಿಚ್ಚಿ ನೋಡುತ್ತೇನೆ.

ಪುಸ್ತಕವನ್ನು ನಾನೇ ಮುಗಿಸಿದೆ, ಹಗಲು ಹೊತ್ತಿನಲ್ಲಿ, ಜಗಲಿಯ ಮೇಲೆ, ಎಲ್ಲರೂ ನೋಡುವಂತೆ. ಮೈದಾ ಅಂಟು ಕೆಡದಿರಲು ಮೈಲುತುತ್ತ ಬೇಕು. ಹುಳಕ್ಕೆ ಅದು ವಿಷ. ಕೊಟ್ಟಿಗೆಯ ಆಚೆ ಕಲ್ಲು ಹೂಡಿ ಕಾಯಿಸಿದೆ. ನೀನು ಹೊಲಿದ ಹಾಳೆಯ ಕಟ್ಟುಗಳಲ್ಲಿ ಮೊದಲಿನವು ಸಡಿಲ, ಬರಬರುತ್ತ ಬಿಗಿ. ಕೊನೆಯ ಎರಡು ಕಟ್ಟು ಹೊಲಿದವಳು ನಾನು. ತೊಗಲು ಹೆರೆಯುವಾಗ ಒಂದು ಕಡೆ ತೂತಾಯಿತು, ತೇಪೆ ಹಾಕಿದ್ದೇನೆ. ಬೀಸುವ ಕಲ್ಲಿನ ಕೆಳಗಿಟ್ಟು ಒಣಗಿಸಿದೆ. ಅದನ್ನು ಅಪ್ಪನ ಕೈಯಲ್ಲಿ ಈ ಕಾಗದದ ಜೊತೆಗೆ ಕಳಿಸುತ್ತಿದ್ದೇನೆ. ನಿನ್ನನ್ನು ನಂಬಿ ಕಳಿಸುತ್ತಿಲ್ಲ. ನಿನ್ನ ಕೈಯ ಕೆಲಸ ನಿನಗೆ ಸೇರಬೇಕು, ಅಷ್ಟೇ.

ಒಂದು ಮಾತು ಕೇಳಬೇಕು. ನಮ್ಮತ್ತೆ ಬಾಯಿ ಬಿಡುವ ಮೊದಲೇ ಆ ವಿಷಯ ನಿನಗೆ ಗೊತ್ತಿತ್ತೇ? ಕಾಗದದಲ್ಲಿ ಉತ್ತರ ಬರೆಯಬೇಡ. ಅಕ್ಷರದಲ್ಲಿ ನೀನು ಜಾಣೆ, ನನಗೆ ನಿನ್ನ ಮುಖ ಬೇಕು. ರಜೆ ಬಂದಾಗ ನಮ್ಮ ವಿರೂಪಾಕ್ಷಿಪುರದ ಬಸ್ಸು ಹತ್ತು, ಬಸ್ಸು ನಿಲ್ಲುವ ಕಡೆ ನಾನೇ ಬಂದು ನಿಂತಿರುತ್ತೇನೆ. ಗೊತ್ತಿರಲಿಲ್ಲ ಎಂದಾದರೆ ಬಾ.

ಗೊತ್ತಿತ್ತು ಎಂದಾದರೂ ಬಾ.

ಹೊಟ್ಟೆ ತುಂಬ ಉಣ್ಣು, ಚೆನ್ನಾಗಿ ಓದು, ಯಾರ ಹಂಗಿಗೂ ಬೀಳದೆ ಬಾಳು ತಾಯಿ.

ನಿನ್ನ ದಾರಿ ನೋಡುವ ಅಕ್ಕ,
ಪುಟ್ಟಲಕ್ಷ್ಮಮ್ಮ